ಅನ್ನಪೂರ್ಣೆಯ ಹಿಂದಿನ ಕಲೆ

ವಿನುತಾ ಮದುವೆಯಾಗಿ ದಾವಣಗೆರೆಯ ಗಂಡನ ಮನೆಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಅಷ್ಟರಲ್ಲೇ ಅತ್ತೆಯ ಅಚ್ಚುಮೆಚ್ಚಿನ ಅಡುಗೆಮನೆ ಕಪಾಟನ್ನು ಸುಟ್ಟಳು.

ಅದು ಸಾಗುವಾನಿಯ ಕಪಾಟು. ಅತ್ತೆ ಸರ್ವಮಂಗಳಮ್ಮ ದಿನವೂ ಅದರ ಬಾಗಿಲುಗಳನ್ನು ಒಣಬಟ್ಟೆಯಿಂದ ಒರೆಸುತ್ತಿದ್ದರು. ಅವರು ಪಕ್ಕದ ಮನೆಗೆ ಹೋಗಿದ್ದಾಗ ಸೊಸೆ ಸಾರಿಗೆ ಒಗ್ಗರಣೆ ಹಾಕಿ, ಕಾದ ಸೌಟನ್ನು ಕಪಾಟಿಗೆ ಒರಗಿಸಿಟ್ಟಳು. ಎತ್ತಿದಾಗ ಸೌಟಿನ ಅಚ್ಚು ಬಾಗಿಲ ಮೇಲೆ ಕಪ್ಪಗೆ ಮೂಡಿತ್ತು.

ಒರೆಸಿದಳು, ಉಜ್ಜಿದಳು. ಹೋಗಲಿಲ್ಲ. ಅತ್ತೆ ಬರುವ ಹೊತ್ತಾಗಿತ್ತು. ಹಳೆಯ ಕ್ಯಾಲೆಂಡರಿನಿಂದ ಅನ್ನಪೂರ್ಣೆಯ ಚಿತ್ರ ಕತ್ತರಿಸಿ, ಗೋಂದು ಬಳಿದು, ಕಲೆಯ ಮೇಲೆ ಅಂಟಿಸಿದಳು.

ಅತ್ತೆ ಬಂದವರೇ ಚಿತ್ರದ ಮುಂದೆ ನಿಂತರು. ಬೈಗುಳ ಬರಲಿಲ್ಲ. ಇಷ್ಟು ದಿನ ತಮಗೇ ಇದು ಹೊಳೆಯಲಿಲ್ಲವಲ್ಲ ಎಂದು ಹೇಳಿ ಕುಂಕುಮ ಇಟ್ಟರು. ಬದುಕಿದೆ ಎಂದುಕೊಂಡಳು ವಿನುತಾ.

ಮರುದಿನ ಚಿತ್ರಕ್ಕೆ ಹೂ ಬಂತು. ಆಮೇಲೆ ಅದರ ಕೆಳಗೆ ಎಣ್ಣೆಯ ದೀಪ ಬಂತು. ಸೊಸೆಯ ಭಕ್ತಿಯ ಸುದ್ದಿ ಓಣಿಯನ್ನೆಲ್ಲ ಸುತ್ತಿತು. ಕೊನೆಗೆ ಸರ್ವಮಂಗಳಮ್ಮ ಒಂದು ನೇಮವನ್ನೇ ಮಾಡಿದರು: ಸ್ನಾನವಾಗದೆ ಆ ಬಾಗಿಲನ್ನು ಯಾರೂ ಮುಟ್ಟಬಾರದು.

ಕಾಫಿಪುಡಿಯ ಡಬ್ಬಿ ಇದ್ದದ್ದು ಆ ಬಾಗಿಲ ಹಿಂದೆಯೇ. ಡಬ್ಬಿಯನ್ನು ಬೇರೆ ಕಡೆ ಇಡಬಹುದಲ್ಲ ಎಂದು ಮಾವ ಚನ್ನವೀರಪ್ಪ ಕೇಳಿ ನೋಡಿದರು. ತಾಯಿಯ ಮಡಿಲಲ್ಲಿರುವುದನ್ನು ಹೊರಗೆ ಹಾಕುವುದೇ ಎಂದರು ಅತ್ತೆ. ಎದ್ದ ಕೂಡಲೇ ಕಾಫಿ ಕುಡಿಯುತ್ತಿದ್ದ ಮಾವ, ಹೆಗಲ ಮೇಲೆ ಟವಲು ಹಾಕಿಕೊಂಡು ಚಳಿಯಲ್ಲೇ ಬಚ್ಚಲಿಗೆ ನಡೆಯತೊಡಗಿದರು.

"ನಿನ್ನ ಭಕ್ತಿ ನನ್ನನ್ನ ಮಡಿವಂತನನ್ನಾಗಿ ಮಾಡಿತು ಕಣಮ್ಮ," ಎಂದು ಸೊಸೆಯನ್ನು ರೇಗಿಸುತ್ತಿದ್ದರು. ಅವಳು ನಗುತ್ತಿದ್ದಳು. ಒಳಗೆ ಚುಚ್ಚುತ್ತಿತ್ತು.

ಒಂದು ದಿನ ಕಪಾಟಿಗೆ ಪಾಲಿಶ್ ಮಾಡಲು ಬಡಗಿ ಮೌನೇಶಾಚಾರಿ ಬಂದರು. ಉಳಿದ ಬಾಗಿಲುಗಳನ್ನು ತಿಕ್ಕಿ ಮುಗಿಸಿ, ಚಿತ್ರ ತೆಗೆಯಬಹುದೇ ಎಂದು ಕೇಳಿದರು.

"ಬೇಡ ಆಚಾರ್ರೇ, ಸುತ್ತ ಮಾಡಿಬಿಡಿ," ಎಂದರು ಸರ್ವಮಂಗಳಮ್ಮ. "ನನ್ನ ಸೊಸೆ ಕೈಯಾರೆ ಕೂರಿಸಿದ ತಾಯಿ ಅದು."

ಸುಮ್ಮನಿದ್ದರೆ ಸಾಕಿತ್ತು, ಕಲೆ ಎಂದೂ ಹೊರಬರುತ್ತಿರಲಿಲ್ಲ. ಆದರೆ ಅತ್ತೆಯ ಮುಖದಲ್ಲಿದ್ದ ಹೆಮ್ಮೆಯನ್ನು ನೋಡಲು ವಿನುತಾಗೆ ಆಗಲಿಲ್ಲ.

"ಅತ್ತೆ, ಅದು ಭಕ್ತಿ ಅಲ್ಲ. ಅದರ ಹಿಂದೆ ನಾನು ಬಾಗಿಲು ಸುಟ್ಟಿದ್ದೀನಿ."

ಸರ್ವಮಂಗಳಮ್ಮ ಚಿತ್ರಕ್ಕೆ ಕೈಮುಗಿದರು. ಒದ್ದೆ ಬಟ್ಟೆಯಿಂದ ನೆನೆಸಿ ನಿಧಾನವಾಗಿ ಬಿಡಿಸಿದರು. ಅದನ್ನು ದೇವರ ಮನೆಯಲ್ಲಿಟ್ಟು ಬಂದು ಕಲೆಯ ಮೇಲೆ ಬೆರಳಾಡಿಸಿದರು.

ಆಚಾರಿ ಉಪ್ಪುಕಾಗದದಿಂದ ಬಾಗಿಲನ್ನು ಉಜ್ಜಿದರು. ಸುಟ್ಟದ್ದು ಮರದ ಮೇಲ್ಪದರ ಮಾತ್ರ. ಕಲೆ ಬೇಗನೆ ಹೋಯಿತು. ಆದರೆ ಸುತ್ತ ಕಚ್ಚಿಕೊಂಡಿದ್ದ ಗೋಂದು, ಮರ ಕುಡಿದಿದ್ದ ದೀಪದ ಎಣ್ಣೆ, ಮೇಲೆ ಹತ್ತಿದ್ದ ಮಸಿ ಇವನ್ನೆಲ್ಲ ತೆಗೆಯುವಷ್ಟರಲ್ಲಿ ಸಂಜೆಯಾಯಿತು.

"ಅವತ್ತೇ ತೋರಿಸಿದ್ದರೆ ಒಂದು ಮಾತು ಬೈದು ಬಿಡ್ತಿದ್ದೆ," ಎಂದರು ಅತ್ತೆ. "ಈಗ ಓಣಿಯವರಿಗೆಲ್ಲ ಏನು ಹೇಳಲಿ?"

"ನಾನೇ ಹೇಳ್ತೀನಿ ಅತ್ತೆ."

ಅವಳು ಹೇಳಿಯೂ ಬಂದಳು. ಓಣಿಯ ಹೆಂಗಸರು ನಕ್ಕರು. ಜೊತೆಗೆ ಅವಳೂ ನಕ್ಕಳು.

ಮರುದಿನ ಬೆಳಿಗ್ಗೆ ವಿನುತಾ ಎದ್ದು ಬರುವ ಮೊದಲೇ ಕಾಫಿಯ ವಾಸನೆ ಬರುತ್ತಿತ್ತು. ಹೊಳೆಯುವ ಆ ಬಾಗಿಲು ತೆರೆದಿತ್ತು. ಸ್ನಾನವಿಲ್ಲದೆ, ಕೆದರಿದ ಕೂದಲಲ್ಲೇ ಅತ್ತೆ ಲೋಟಗಳಿಗೆ ಕಾಫಿ ಸುರಿಯುತ್ತಿದ್ದರು.

"ಎದ್ದ ಕೂಡಲೇ ಕಾಫಿ ಇಲ್ಲದೆ ನನಗೂ ದಿನಾ ತಲೆನೋವು ಬರ್ತಿತ್ತು," ಎಂದು ಸೊಸೆಯ ಕೈಗೆ ಲೋಟ ಕೊಟ್ಟರು. "ನಾನೇ ಮಾಡಿದ ನೇಮ, ಯಾರ ಹತ್ತಿರ ಹೇಳಲಿ?"

ನೀತಿ: ಆದ ತಪ್ಪು ಮೇಲ್ಪದರದಲ್ಲೇ ಇರುತ್ತದೆ, ಮುಚ್ಚಲು ಬಳಿದ ಅಂಟೇ ಆಳಕ್ಕೆ ಇಳಿಯುತ್ತದೆ. ಕಲೆಯಾದ ದಿನವೇ ತೋರಿಸಿಬಿಡಿ.