ಬೋರಾಮೆ ಕಾಯ್ದ ಗೋಲು

ಸೋತವರು ಕೆರೆ ಬಿಡಬೇಕೆಂದು ಆಮೆಗಳೂ ಏಡಿಗಳೂ ಫುಟ್‌ಬಾಲ್ ಆಡಿದವು. ಆಮೆಗಳು ಒಂದು ಗೋಲು ಮುಂದಿದ್ದವು, ಉಳಿದದ್ದು ಐದೇ ನಿಮಿಷ. ಊರೆಲ್ಲ ಜಂಬ ಕೊಚ್ಚಿದ್ದ ಅವುಗಳ ನಾಯಕ ಬೋರಾಮೆ ಈಗ ಹೆದರಿ ಕೂಗಿದ ನೋಡಿ.

"ಎಲ್ಲರೂ ಗೋಲಿಗೆ ಅಡ್ಡ ಕೂತು ತಲೆ ಒಳಗೆಳಕೊಳ್ಳಿ!"

"ಅಯ್ಯಾ, ಚೆಂಡು ನಮ್ಮ ಕಾಲಲ್ಲೇ ಇದೆ. ಅತ್ತ ದೂರದಲ್ಲೇ ಆಡಿಸುತ್ತಾ ಹೊತ್ತು ಕಳೆಯಿರಿ," ಎಂದಳು ಗೋಲು ಕಾಯುವ ಸಣ್ಣೀರಿ.

"ನಿನ್ನ ಬುದ್ಧಿ ನಿನ್ನಲ್ಲೇ ಇರಲಿ!"

ಚೆಂಡು ಬಿಟ್ಟು ಬಂದು ಎಲ್ಲವೂ ಕೂತವು. ಸಣ್ಣೀರಿಗೆ ಬರೀ ಚಿಪ್ಪುಗಳೇ ಕಂಡವು. ಏಡಿಗಳು ಹೊಡೆದದ್ದು ಬೋರನ ಚಿಪ್ಪಿಗೇ ತಾಗಿ ಗೋಲಾಯಿತು. ಹಿಂದೆಯೇ ಇನ್ನೊಂದು.

ಆಟ ಮುಗಿದ ಸೀಟಿ ಕೇಳಿಸಿತು. "ಗೆದ್ದೆವೇನೇ?" ಎಂದು ಬೋರ ಚಿಪ್ಪಿನೊಳಗಿಂದಲೇ ಕೇಳಿದ.

ಸಣ್ಣೀರಿ ದಡದಲ್ಲಿದ್ದ ತನ್ನ ಮರಿಗಳನ್ನು ಬೆನ್ನಿಗೇರಿಸಿಕೊಂಡು ಕೆರೆಯ ಏರಿ ಹತ್ತಿದಳು.