ಹಲಗೆಯ ಮೇಲಿಲ್ಲದ ಚಿತ್ರ

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ನೀಲವ್ವ ಅಡುಗೆ ಮಾಡಿಕೊಂಡಿದ್ದಳು. ಒಂದು ದಿನ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು.

ಆಶ್ರಮದ ಗುರುಗಳ ಶಿಷ್ಯ ಗುರುಪಾದ ಅವಳಿಗೊಂದು ಹಲಗೆ ಮಾಡಿಕೊಟ್ಟ. ಅದರ ಮೇಲೆ ನೀರು, ಗಂಜಿ, ಔಷಧ, ಕಂಬಳಿ, ಬಚ್ಚಲು, ಎಲ್ಲದರ ಚಿತ್ರ ಬರೆದ. ಬೇಕಾದ್ದರ ಮೇಲೆ ನೀಲವ್ವ ಎಡಗೈ ಬೆರಳಿಟ್ಟರೆ ಸಾಕು. ಬಂದವರಿಗೆಲ್ಲ ಹಲಗೆ ತೋರಿಸಿ ಅವನು ಬೀಗಿದ್ದೇ ಬೀಗಿದ್ದು.

ಈಗ ನೀಲವ್ವ ಆ ಹಲಗೆಯ ಮೇಲೆ ಬೆರಳಿಡುತ್ತಿರಲಿಲ್ಲ. ನಿನ್ನೆಯಿಂದ ಅವಳ ಗಂಟಲಲ್ಲಿ ಹನಿ ನೀರೂ ಇಳಿದಿರಲಿಲ್ಲ. ನಾಳೆಯೂ ಹೀಗೇ ಆದರೆ ಜೀವ ಉಳಿಯುವುದು ಕಷ್ಟ ಎಂದು ವೈದ್ಯರು ಹೇಳಿಹೋಗಿದ್ದರು.

ಗುರುಪಾದ ಗುರುಗಳ ಬಳಿಗೆ ಓಡಿದ.

"ಅಪ್ಪಾರ, ಕೇಳಿ ಕೇಳಿ ಸಾಕಾತು. ಗಂಜಿ ಬೇಕೇನು ಅಂದ್ರ ಹಲಗಿ ದೂಡ್ತಾಳ. ಏನು ಮಾಡ್ಲಿ?"

"ಈ ಗಳಿಗಿಯಿಂದ ನಂದು ಮೌನವ್ರತ," ಎಂದರು ಗುರುಗಳು. "ಇನ್ನ ಏನಿದ್ರೂ ನಿನ್ನ ಹಲಗಿ ಮ್ಯಾಲೇ ಮಾತು. ತಗೊಂಡು ಬಾ."

ತಂದ. "ಹೇಳ್ರಿ ಅಪ್ಪಾರ, ಅಕಿ ಉಳೀತಾಳೋ ಇಲ್ಲೋ?"

ಗುರುಗಳು ಹಲಗೆಯ ತುಂಬ ಹುಡುಕಿದರು. ಕೊನೆಗೆ ಕಂಬಳಿಯ ಮೇಲೆ ಬೆರಳಿಟ್ಟರು.

ಅವನು ಕಂಬಳಿ ತಂದು ಗುರುಗಳಿಗೆ ಹೊದಿಸಿದ. ಕಿತ್ತೆಸೆದರು. ನೀರಿನ ಮೇಲೆ ಬೆರಳಿಟ್ಟರು. ತಂದುಕೊಟ್ಟ ನೀರನ್ನು ಚೆಲ್ಲಿಬಿಟ್ಟರು.

ಹೊತ್ತು ಇಳಿಯುತ್ತಿತ್ತು. ಗುರುಪಾದನಿಗೆ ಅಳುವೇ ಬಂತು.

"ಅಲ್ಲಿ ಜೀವ ಹೋಗಾಕತ್ತೈತಿ, ಇಲ್ಲಿ ನೀವು ಆಟ ಆಡ್ತೀರಲ್ಲ! ನಿಮ್ಮ ಮನಸಿನಾಗ ಏನೈತಿ, ಅದನ್ನ ಹೇಳ್ರಿ!"

ಗುರುಗಳು ಹಲಗೆಯನ್ನು ಅವನ ಕೈಗಿಟ್ಟರು.

ಗುರುಪಾದ ನೋಡಿದ. ಅವನು ಕೊಡಬಲ್ಲದ್ದೆಲ್ಲ ಅದರಲ್ಲಿತ್ತು. ಒಲ್ಲೆ ಎನ್ನಲು, ನೋವಾಗಿದೆ ಎನ್ನಲು, ಸಿಟ್ಟು ಬಂದಿದೆ ಎನ್ನಲು ಒಂದು ಚಿತ್ರವೂ ಇರಲಿಲ್ಲ. ನಾಚಿಕೆಯಿಂದ ಅವನ ಮುಖ ಸಣ್ಣದಾಯಿತು.

ಇದ್ದಿಲು ಹಿಡಿದು ಕೂತ. ಬೇಡವೆಂದು ಅಡ್ಡ ಹಿಡಿದ ಕೈ ಬರೆದ. ಅಳುವ ಮುಖ ಬರೆದ. ಹುಬ್ಬು ಗಂಟಿಕ್ಕಿದ ಮುಖವೊಂದನ್ನೂ ಬರೆದ. ಹಲಗೆಯನ್ನು ನೀಲವ್ವನ ಮುಂದಿಟ್ಟು, ಈ ಸಲ ಅದು ಬೇಕೇ ಇದು ಬೇಕೇ ಎಂದು ಕೇಳದೆ ಬಾಯಿ ಮುಚ್ಚಿಕೊಂಡು ಕಾದ.

ಬಹಳ ಹೊತ್ತಿನ ಮೇಲೆ ಬೆರಳು ಅಲುಗಿತು. ನಡುಗುತ್ತ ಗಂಜಿಯನ್ನು ದಾಟಿತು, ನೀರನ್ನು ದಾಟಿತು. ಬೆರಳು ಗಂಟಿಕ್ಕಿದ ಹುಬ್ಬಿನ ಮೇಲೆ ನಿಂತಿತು. ಆಮೇಲೆ ಎದ್ದು ಅವನ ಎದೆಯನ್ನೇ ತಿವಿಯಿತು.

ಮತ್ತೆ ಓಡಿಬಂದ. "ಅಪ್ಪಾರ, ಮಾತಾಡಿದ್ಲು! ಆದ್ರ ಮೊದಲ್ನೇ ಮಾತೇ ನನಗ ಬೈಗಳ. ಸಿಟ್ಟೆಲ್ಲ ನನ್ನ ಮ್ಯಾಲೇ ಐತಿ. ಹೊಟ್ಟಿಗೆ ಮಾತ್ರ ಇನ್ನೂ ಏನೂ ಇಲ್ಲ. ಈಗ ಏನು ಮಾಡ್ಲಿ?"

ಗುರುಗಳು ಮೌನ ಮುರಿದರು.

"ಹೋಗಿ ಎದುರಿಗೆ ಕೂಡು, ತಮ್ಮಾ. ಪೂರ್ತಿ ಬೈಸ್ಕೋ. ಸಿಟ್ಟು ಹೊರಗ ಬರಲಾರದ ಗಂಜಿ ಒಳಗ ಹೋಗಂಗಿಲ್ಲ."