ಜೆಟ್ಟು ಬಿಚ್ಚಿದ ಗೋಯ್ದ

ಹತ್ತಿರ ಬಂದು ಕೂತುಕೊಳ್ಳಿ ಮಾರಾಯ್ರೇ, ಆದರೆ ಜೋರಾಗಿ ನಗಬೇಡಿ. ಮಾದೇವಿಯ ಕಿವಿಗೆ ಬಿದ್ದರೆ ನನ್ನ ಮೇಲೂ ಅನುಮಾನ ಶುರುವಾದೀತು.

ಹೊಳೆ ಸಮುದ್ರ ಸೇರುವ ಅಳಿವೆಯ ಪಕ್ಕದ ಕೇರಿಯಲ್ಲಿ ಈ ಮಾದೇವಿ. ಗಂಡ ಇಲ್ಲ. ಇದ್ದದ್ದು ಒಂದು ದೋಣಿ, ದೋಣಿಗೊಂದು ಸೀಮೆಎಣ್ಣೆ ಇಂಜಿನ್ನು, ಅದನ್ನು ನಡೆಸುವುದಕ್ಕೆ ಗೋಯ್ದ ಅನ್ನುವ ಒಬ್ಬನೇ ಮಗ. ಇಂಜಿನ್ನಿಗಿದ್ದಷ್ಟು ಬುದ್ಧಿಯೂ ಗೋಯ್ದನಿಗೆ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತ ಕೂರುವನು. ಒಳಗಿನ ಮೀನನ್ನು ಬೆಕ್ಕು ನೋಡಿಕೊಳ್ಳುವುದು.

ಮಗನಿಗೆ ಕಮ್ಮಿಯಾದ ಬುದ್ಧಿಯೆಲ್ಲ ತಾಯಿಯಲ್ಲಿ ಅನುಮಾನವಾಗಿ ಸೇರಿಕೊಂಡಿತ್ತು. ಗಾಳಿ ಬೀಸಿದರೂ ಯಾರು ಬೀಸಿದ್ದು ಅಂತ ಕೇಳುವವಳು ಅವಳು. ಅದರಲ್ಲೂ ಪಕ್ಕದ ಮನೆಯ ಜಟ್ಟು ಅಂದರೆ ಮುಗಿಯಿತು. ಹಿಂದೊಮ್ಮೆ ಅವನು, “ನಡೆಸೋಕಾಗದಿದ್ರೆ ದೋಣಿ ನಂಗೆ ಕೊಡೇ ಅಕ್ಕಾ” ಅಂದಿದ್ದ. ಅಂದಿನಿಂದ ಜಟ್ಟು ಸೀನಿದರೂ ಅದು ದೋಣಿಯ ಆಸೆಗೇ ಅಂತ ಅವಳಿಗೆ ಖಾತ್ರಿ.

ಮಳೆಗಾಲ ಮುಗಿದು ದೋಣಿ ನೀರಿಗಿಳಿಯಿತು. ಅಳಿವೆ ಮುಟ್ಟುತ್ತಲೇ ಇಂಜಿನ್ನು ಕೆಮ್ಮಿ ಕೆಮ್ಮಿ ನಿಂತಿತು. ಅಳಿವೆಯ ಸೆಳವಿಗೆ ಸಿಕ್ಕ ದೋಣಿ ಬಂಡೆಗೆ ಬಡಿಯುವುದಕ್ಕೆ ಹೆಚ್ಚು ಹೊತ್ತು ಬೇಡ. ದೋಣಿ ಹೋದರೆ ಮಾದೇವಿಯ ಒಲೆ ಆರಿತು, ಮಗ ಹೋದರೆ ಅವಳ ಬದುಕೇ ಆರಿತು. ಅವತ್ತು ಜಟ್ಟು ತನ್ನ ದೋಣಿಯಿಂದ ಹಗ್ಗ ಎಸೆದು ಎಳೆದು ತಂದ.

“ಸರೀ ಅದೇ ಹೊತ್ತಿಗೆ ಅಂವ ಅಲ್ಲಿ ಹ್ಯಾಂಗೆ ಬಂದ?” ಅಂದಳು ಮಾದೇವಿ. ಇಂಜಿನ್ನನ್ನು ಕೈಗಾಡಿಗೆ ಹಾಕಿ, ಗೋಯ್ದನನ್ನು ಫೆಲಿಕ್ಸ್ ಮೇಸ್ತ್ರಿಯ ಗ್ಯಾರೇಜಿಗೆ ಅಟ್ಟಿದಳು.

ಕಾರ್ಬೊರೇಟರ್ ಒಳಗೆ ಜೆಟ್ಟು ಅಂತ ಒಂದು ಹಿತ್ತಾಳೆ ಚೂರು ಇರುತ್ತದೆ. ಅದರಲ್ಲಿ ಒಂದು ಸಣ್ಣ ತೂತು. ಇಂಜಿನ್ನು ಎಣ್ಣೆ ಕುಡಿಯುವುದು ಅದರಲ್ಲೇ, ಕಸ ಕೂತರೆ ಗಂಟಲು ಕಟ್ಟಿತು. ಇದು ನಿಮಗೆ ಗೊತ್ತಿರಲಿ. ಮಾದೇವಿಗೆ ಗೊತ್ತಿರಲಿಲ್ಲ.

“ಕಾಟ ಎಲ್ಲ ಈ ಜೆಟ್ಟಿಂದೇ ಮಾರಾಯ!” ಅಂದ ಫೆಲಿಕ್ಸ್. “ಎಣ್ಣೆ ಡಬ್ಬ ತೆರೆದಿಟ್ರೆ ಕಸ ಬೀಳ್ದೆ ಎಂತಾಗ್ತದೆ? ಬಾಯಿ ಮುಚ್ಚಿಡ್ಬೇಕು!”

ಗೋಯ್ದ ಮನೆಗೆ ಓಡಿಬಂದ. “ಅವ್ವಾ, ಕಾಟ ಎಲ್ಲ ಜಟ್ಟು ಮಾವಂದೇ ಅಂತೆ. ಬಾಯಿ ಮುಚ್ಚಿಡ್ಬೇಕಂತೆ.”

ಮಾದೇವಿಯ ಕಣ್ಣು ಅಗಲವಾಯಿತು. “ನಾ ಹೇಳ್ಲಿಲ್ವನಾ? ಫೆಲಿಕ್ಸಂಗೂ ಗೊತ್ತುಂಟು! ಸುಮ್ನೆ ಬಾಯಿ ಮುಚ್ಚಿಕಂಡಿರು. ಎಂತ ಕಂಡ್ರೂ ತುಟಿ ಬಿಚ್ಬೇಡ!”

ಮರುದಿನ, ಜಟ್ಟು ಎಂತಾದರೂ ಹಾಕಿಟ್ಟಿದ್ದಾನೋ ಅಂತ ಅವಳೇ ಎಣ್ಣೆ ಡಬ್ಬ ತೊಳೆದಳು. ತೊಳೆದ ನೀರು ಅಡಿಯಲ್ಲಿ ಉಳಿಯಿತು. ಅದರ ಮೇಲೇ ಸೀಮೆಎಣ್ಣೆ ಹೊಯ್ದಳು. ಗೋಯ್ದ ಕಂಡ, ಬಾಯಿ ಮೇಲೆ ಕೈ ಇಟ್ಟುಕೊಂಡ. ಇಂಜಿನ್ನು ಅಳಿವೆಯಲ್ಲಿ ನಿಂತಿತು. ಜಟ್ಟು ಎಳೆದು ತಂದ.

ಗ್ಯಾರೇಜಿಗೆ ಹೋಗಿಬಂದ ಗೋಯ್ದ ಹೇಳಿದ, “ಎಣ್ಣೇಲಿ ನೀರಂತೆ ಅವ್ವಾ.”

“ಜಟ್ಟು ಹಾಕಿದ!”

“ನೀನೇ ಹಾಕಿದ್ದು. ಡಬ್ಬ ತೊಳೆದು ಚೆಲ್ಲದೇ ಎಣ್ಣೆ ಹೊಯ್ದೆ.”

“ಕಂಡವ ಹೇಳೋಕೆ ಎಂತ ಧಾಡಿ ಆಗಿತ್ತು?”

“ಬಾಯಿ ಮುಚ್ಚಿಕಂಡಿರು ಅಂದಿದ್ಯಲ್ಲ!”

“ಅಯ್ಯೋ ಪೆದ್ದೇ! ಇನ್ನು ನನ್ನ ಮಾತು ಬಿಡು. ಫೆಲಿಕ್ಸ್ ಎಂತ ಹೇಳ್ತಾನೋ ಹಾಂಗೇ ಮಾಡು. ಒಂದಕ್ಷರ ತಪ್ಪಬಾರ್ದು!”

ಒಂದಕ್ಷರವೂ ತಪ್ಪಲಿಲ್ಲ. ಫೆಲಿಕ್ಸ್ ಹೇಳಿದ, “ಉಪ್ಪುನೀರಿಂದ ಬಂದ ಇಂಜಿನ್ನಿಗೆ ಉಪ್ಪು ತೊಳೆದು ಹೋಗೋಕೆ ಸಿಹಿನೀರು ಕುಡ್ಸೋ.” ಬಾವಿಯ ನೀರಿಗೆ ನಮ್ಮಲ್ಲಿ ಸಿಹಿನೀರು ಅನ್ನುತ್ತಾರೆ ತಾನೇ? ಗೋಯ್ದ ಬಾವಿ ನೀರು ಸೇದಿದ, ಕುಡಿದು ನೋಡಿದ. ಸಿಹಿ ಇರಲಿಲ್ಲ. ಒಳಗೆ ಹೋದ. ಬೆಲ್ಲದ ಅಚ್ಚು ತಂದ, ಚೆನ್ನಾಗಿ ಕದಡಿದ, ಟ್ಯಾಂಕಿನ ತುಂಬ ಹೊಯ್ದ. ಪಾಪ, ಏಲಕ್ಕಿಯನ್ನೂ ಹುಡುಕಿದ, ಸಿಗಲಿಲ್ಲ.

ಬೆಳಿಗ್ಗೆ ಇಂಜಿನ್ನಿನ ಮೇಲೆ ಇರುವೆಗಳ ಸಾಲು. ಮಾದೇವಿ ಬೆರಳದ್ದಿ ನಾಲಿಗೆಗಿಟ್ಟಳು. ಥೂ! ಎಣ್ಣೆ ವಾಸನೆ, ಆದರೂ ಸಿಹಿ. ಸೀದಾ ಬೇಲಿಗೆ ಹೋದಳು.

“ಏ ಜಟ್ಟು! ನಮ್ಮ ಇಂಜಿನ್ನಿಗೆ ಬೆಲ್ಲ ಹಾಕ್ದ್ಯಾ?”

“ಎಂತದೇ ಅಕ್ಕಾ! ನಮ್ಮಲ್ಲಿ ಚಾ ಮಾಡೋಕೇ ಬೆಲ್ಲ ಇಲ್ಲ!”

ಮಾದೇವಿ ಒಳಗೆ ಹೋಗಿ ಡಬ್ಬಿ ತೆರೆದಳು. ಬೆಲ್ಲ ಇಲ್ಲ! “ಕಂಡ್ಯಾ! ನಮ್ಮ ಬೆಲ್ಲ ಕದ್ದು ನಮ್ಮ ಇಂಜಿನ್ನಿಗೇ ಹಾಕಿದ!”

“ಅಲ್ಲ ಅವ್ವಾ, ನಾನೇ ಹಾಕಿದ್ದು. ಸಿಹಿನೀರು ಕುಡಿಸು ಅಂದ ಫೆಲಿಕ್ಸ್.”

ಮಾದೇವಿ ಪೊರಕೆ ಹಿಡಿದಳು. ಬೆನ್ನಿಗೆ ಎರಡು ಬಿಟ್ಟಳು. ಆದರೂ ಅವಳ ಕಣ್ಣು ಬೇಲಿಯ ಆಚೆಗೇ. ಬೆಲ್ಲ ಗೋಯ್ದ ಹಾಕಿದ ಸರಿ, ಕಾಟ ಎಲ್ಲ ಜಟ್ಟುದೇ ಅಂದವನು ಫೆಲಿಕ್ಸ್ ಅಲ್ಲವೇ? ಮೇಸ್ತ್ರಿ ಯಾಕೆ ಸುಳ್ಳು ಹೇಳಿಯಾನು? “ಕೇಳ್ಕೋ! ಇನ್ನು ಇಂಜಿನ್ನು ಮುಟ್ಟೋಕೆ ಒಬ್ರನ್ನೂ ಬಿಡ್ಬೇಡ. ಮುಟ್ಟೋಕೆ ಬಂದ್ರೆ ದೋಣಿ ಹುಟ್ಟು ತಕಂಡು ಬಾರಿಸು!”

ಫೆಲಿಕ್ಸ್ ಮತ್ತೆ ಎಲ್ಲ ತೊಳೆದು ಜೋಡಿಸಿದ. “ಒಳಗೆ ಎಣ್ಣೆ ಉಳಿದ್ರೆ ಅಂಟು ಕಟ್ತದೆ, ಜೆಟ್ಟು ಮುಚ್ಕಣ್ತದೆ. ದಡ ಕಾಣ್ತಿದ್ದಾಂಗೆ ಎಣ್ಣೆ ಪೈಪು ಕಿತ್ತುಬಿಡು. ಒಳಗಿದ್ದದ್ದು ಉರಿದು ಖಾಲಿಯಾಗಿ ಇಂಜಿನ್ನು ತಾನಾಗೇ ನಿಲ್ಲಲಿ.”

ಸಮುದ್ರದಲ್ಲಿದ್ದವನಿಗೆ ದಡ ಎಲ್ಲಿಂದ ಕಾಣುತ್ತದೆ ಹೇಳಿ? ಗೋಯ್ದನಿಗೆ ಅಳಿವೆಯ ಆಚೆಯಿಂದಲೇ ಕಂಡಿತು. ಕಿತ್ತ! ಇಂಜಿನ್ನು ಉಳಿದ ಎಣ್ಣೆ ಕುಡಿದು, ಸರಿಯಾಗಿ ಅಳಿವೆಯ ಬಾಯಲ್ಲಿ ನಿಂತಿತು. ಸೆಳವು ದೋಣಿಯನ್ನು ಬಂಡೆಯ ಕಡೆ ತಿರುಗಿಸಿತು. ಮೀನು ಬುಟ್ಟಿ ಹಿಡಿದು ದಡದಲ್ಲಿ ನಿಂತಿದ್ದ ಮಾದೇವಿ ಬುಟ್ಟಿ ಬಿಸಾಡಿದಳು.

“ಜಟ್ಟೂ! ನನ್ನ ಮಗ ಹೋದ್ನೋ ಜಟ್ಟೂ!”

ಆ ಹೊತ್ತಿನಲ್ಲಿ ಅವಳ ಬಾಯಿಗೆ ಬಂದದ್ದು ಅದೊಂದೇ ಹೆಸರು. ಜಟ್ಟು ದೋಣಿ ತಂದು ತಾಗಿಸಿದ, ಹಾರಿ ಬಂದು ಪೈಪಿಗೆ ಕೈ ಹಾಕಿದ. ಗೋಯ್ದ ಹುಟ್ಟು ಎತ್ತಿ ಬಾರಿಸಿದ. “ಮುಟ್ಬೇಡ!” ಪೆಟ್ಟು ತಿಂದ ಕೈಯಲ್ಲೇ ಜಟ್ಟು ಹಗ್ಗ ಕಟ್ಟಿದ, ಎಳೆದು ತಂದ.

ಮಗನನ್ನು ಕಂಡು ಮಾದೇವಿ ಅತ್ತಳು, ಬೈದಳು, ಮತ್ತೆ ಅತ್ತಳು. ಜಟ್ಟುವಿನ ಊದಿದ ಕೈ ಕಂಡು ಅವಳಿಗೆ ನಿಜವಾಗಿ ನಾಚಿಕೆಯಾಯಿತು. ಮಧ್ಯಾಹ್ನ ಊಟಕ್ಕೆ ಕರೆದಳು. ಬಂಗುಡೆ ಸಾರು ಬಡಿಸಿ ಕೇಳಿದಳು, “ಇನ್ನು ನಿನ್ನ ದೋಣಿ ಸಂಗ್ತಿಗೇ ನನ್ನ ಗೋಯ್ದನ್ನೂ ಕರ್ಕಂಡು ಹೋಗ್ತ್ಯನಾ ತಮಾ?”

“ಅದಕ್ಕೆಂತ ಅಕ್ಕಾ, ನಾಳೆಯಿಂದಲೇ ಬರ್ಲಿ” ಅಂದ ಜಟ್ಟು. ಉಂಡು ಜಗಲಿಯಲ್ಲಿ ಅಡ್ಡಾದ.

ಮಾದೇವಿಗೆ ಎದೆಯ ಭಾರ ಇಳಿಯಿತು. ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು. ಅರ್ಧ ತೊಳೆಯುವಾಗ, ಇಷ್ಟು ಬೇಗ ಯಾಕೆ ಒಪ್ಪಿದ ಅಂತ ಒಂದು ಯೋಚನೆ ಬಂದೇ ಬಂತು.

ಅತ್ತ ಗೋಯ್ದ, ಇಂಜಿನ್ನು ಮತ್ತೆ ನಿಂತಿತು ಅಂತ ಹೇಳುವುದಕ್ಕೆ ಗ್ಯಾರೇಜಿಗೆ ಹೋಗಿದ್ದ. ಫೆಲಿಕ್ಸ್ ಕೈಮುಗಿದ. “ಸಾಕು ಮಾರಾಯ, ಇನ್ನು ನೀನೇ ಮಾಡ್ಕೋ. ಜೆಟ್ಟು ಮೆತ್ತಗೆ ಬಿಚ್ಚು. ಸೀಮೆಎಣ್ಣೇಲಿ ಅದ್ದು. ತೂತಿಗೆ ಜೋರಾಗಿ ಊದು. ತಂತಿ ಗಿಂತಿ ಚುಚ್ಬೇಡ, ಹಾಳಾಗ್ತದೆ. ಆಮೇಲೆ ಇಂಜಿನ್ನಿನೊಳಗೆ ಕೂರ್ಸು.”

ಗೋಯ್ದ ಬಾಯಿಪಾಠ ಮಾಡುತ್ತ ಬಂದ. ಬಿಚ್ಚು, ಅದ್ದು, ಊದು, ಕೂರ್ಸು. ಜಗಲಿಯಲ್ಲಿ ಜಟ್ಟು ಗೊರಕೆ ಹೊಡೆಯುತ್ತಿದ್ದ. ಗೋಯ್ದ ಮೀನಿನ ದೊಡ್ಡ ಟಬ್ಬು ತಂದ, ಮನೆಯಲ್ಲಿದ್ದ ಸೀಮೆಎಣ್ಣೆಯನ್ನೆಲ್ಲ ಸುರಿದ. ಜಟ್ಟುವಿನ ಪಂಚೆಯ ಗಂಟಿಗೆ ಮೆತ್ತಗೆ ಕೈ ಹಾಕಿದ.

“ಅಯ್ಯಯ್ಯೋ ಅಕ್ಕಾ! ಸತ್ತೇ!”

ಮಾದೇವಿ ಓಡಿಬಂದಳು. ಚಡ್ಡಿಯಲ್ಲಿ, ತಲೆಯಿಂದ ಎಣ್ಣೆ ಸುರಿಸುತ್ತ, ಜಟ್ಟು ಬೇಲಿ ಹಾರುತ್ತಿದ್ದ. ಅವಳ ಮೂಗಿಗೆ ಮೊದಲು ಬಡಿದದ್ದು ವಾಸನೆ.

“ಬನ್ರೋ! ಸೀಮೆಎಣ್ಣೆ ಕದ್ದು ಓಡ್ತಿದ್ದಾನೆ! ನಾ ಮೊದಲೇ ಹೇಳ್ಲಿಲ್ವಾ!”

“ಕದಿಯಲಿಲ್ಲ ಅವ್ವಾ” ಅಂದ ಗೋಯ್ದ. ಅವನ ಕೈಯಲ್ಲಿ ಪಂಚೆ. “ಫೆಲಿಕ್ಸ್ ಹೇಳಿದಾಂಗೆ ಜಟ್ಟು ಮಾವನ್ನ ಮೆತ್ತಗೆ ಬಿಚ್ಚಿದೆ. ಎಣ್ಣೇಲಿ ಅದ್ದಿದೆ. ಕಿವಿ ತೂತಿಗೆ ಊದಿದೆ. ಚುಚ್ಚಲಿಲ್ಲ.”

ಮಾದೇವಿ ಜಗಲಿಯ ಮೇಲೆ ಕುಸಿದು ಹಣೆ ಬಡಿದುಕೊಂಡಳು. “ನಾಳೆ ಅಳಿವೇಲಿ ನಿನ್ನ ಎಳೆಯೋರು ಯಾರೋ! ಇನ್ಯಾರೋ!”

ಗೋಯ್ದನಿಗೆ ತಾಯಿಯ ಅಳು ನೋಡಲಾಗಲಿಲ್ಲ. ಸ್ಪ್ಯಾನರು ತೆಗೆದುಕೊಂಡು ಬೇಲಿ ಹತ್ತಿದ.

“ಅಳ್ಬೇಡ ಅವ್ವಾ, ಈಗ ಹಿಡ್ಕಂಡು ಬತ್ತೆ. ಇಂಜಿನ್ನಿನೊಳಗೆ ಕೂರ್ಸೋದೊಂದೇ ಬಾಕಿ!”